ಸೀಸ ಉದುರುವುದು ಕದದ ಅಂಚಿನಲ್ಲಿ

ಹಳೆಯ ಕಿಟಕಿಯ ದುರಸ್ತಿಗೆ ಕರೆದಾಗ ನಾನು ಮೊದಲು ಬೆರಳಾಡಿಸುವುದು ಕದದ ಅಂಚಿನ ಮೇಲೆ. ಕದ ಚೌಕಟ್ಟಿಗೆ ತಿಕ್ಕುವ ಕಡೆ ಬಣ್ಣ ಸವೆದು ಮರ ಕಾಣುತ್ತಿರುತ್ತದೆ. ಕೆಳಗಿನ ಸಂದಿಯಲ್ಲಿ ನುಣ್ಣನೆಯ ಪುಡಿ ಕೂತಿರುತ್ತದೆ. ಬಣ್ಣದಲ್ಲಿ ಸೀಸವಿದ್ದರೆ ಆ ಪುಡಿಯಲ್ಲೂ ಇರುತ್ತದೆ. ಅಂಬೆಗಾಲಿಡುವ ಮಗು ಅಲ್ಲಿ ಕೈಯಿಡುತ್ತದೆ, ಅದೇ ಕೈಯನ್ನು ಬಾಯಿಗಿಡುತ್ತದೆ. ಸೀಸಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾಗೆಂದು ಕಿಟಕಿಯನ್ನೇ ಕಿತ್ತುಹಾಕುವುದನ್ನು ನಾನು ಒಪ್ಪುವುದಿಲ್ಲ. ನಿಧಾನವಾಗಿ ಬೆಳೆದ ಮರದ ಒತ್ತಾದ ಎಳೆ, ಕೈಯಿಂದ ಕೊರೆದ ಅಂಚುಗೆರೆ, ಸಣ್ಣಗೆ ಅಲೆಯಾಡುವ ಗಾಜು ಒಮ್ಮೆ ಹೋದರೆ ಹೋದವೇ. ಕೀಳುವಾಗಲೂ ವಿಷದ ಪುಡಿ ಮನೆ ತುಂಬ ಹರಡಬಹುದು.

ಯಂತ್ರ ಹಿಡಿದು ಇಡೀ ಕಿಟಕಿಯನ್ನು ಒಣದಾಗಿ ಉಜ್ಜುವುದು ಅದಕ್ಕಿಂತ ದೊಡ್ಡ ತಪ್ಪು. ಪುಡಿ ಗಾಳಿಗೇರುತ್ತದೆ, ಕೆತ್ತನೆಯ ಚೂಪು ಮೊಂಡಾಗುತ್ತದೆ. ಬೆಂಕಿಯಿಂದ ಬಣ್ಣ ಸುಡುವುದಂತೂ ಕೂಡದು, ಸೀಸ ಹೊಗೆಯಾಗಿ ಉಸಿರಿಗೆ ಸೇರುತ್ತದೆ. ಬಿಸಿಗಾಳಿಯ ಯಂತ್ರವನ್ನೂ ಸುಮಾರು 590 ಡಿಗ್ರಿ ಸೆಲ್ಸಿಯಸ್ ದಾಟಿಸಬಾರದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ನಿಯಮವಿದೆ.

ಮೊದಲು ಪರೀಕ್ಷೆ. ಮೇಲಿನ ಪದರ ಹೊಸದಾಗಿದ್ದು ಸೀಸ ಅಡಿಯಲ್ಲಿ ಅಡಗಿರಬಹುದು. ಆದ್ದರಿಂದ ಪ್ರಯೋಗಾಲಯಕ್ಕೆ ಕಳುಹಿಸುವ ಚೂರಿನಲ್ಲಿ ಮರದವರೆಗಿನ ಎಲ್ಲ ಪದರಗಳೂ ಇರಬೇಕು.

ಸೀಸವಿದೆಯೆಂದು ತಿಳಿದ ಮೇಲೆ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸಿ, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಸೂಕ್ಷ್ಮ ಧೂಳು ತಡೆಯುವ ಮುಖಗವಸು ಧರಿಸಿ ಕದ ಬಿಚ್ಚುತ್ತೇನೆ. ನೀರು ಸಿಂಪಡಿಸುತ್ತ, ಒದ್ದೆಯಾಗಿದ್ದಾಗಲೇ ಕೆರೆಯುತ್ತೇನೆ. ಬರಿಮರ ಕಾಣುವಂತೆ ಕೆರೆಯುವುದು ತಿಕ್ಕುವ ಅಂಚುಗಳನ್ನು ಮಾತ್ರ. ಉಳಿದೆಡೆ ಗಟ್ಟಿಯಾಗಿ ಅಂಟಿರುವ ಬಣ್ಣವನ್ನು ಹಾಗೆಯೇ ಬಿಟ್ಟು, ಎದ್ದ ಹೊಪ್ಪಳೆಗಳನ್ನಷ್ಟೇ ತೆಗೆದು, ಮೇಲೆ ಸೀಸರಹಿತ ಬಣ್ಣ ಬಳಿಯುತ್ತೇನೆ. ಕಿಟಕಿಯ ಮುಖ ಉಳಿಯುವುದು ಈ ಸಂಯಮದಿಂದಲೇ. ಗಾಜನ್ನು ಹಿಡಿದಿಡಲು ಸುತ್ತ ಮೆತ್ತಿದ ಹಳೆಯ ಪುಟ್ಟಿಯಲ್ಲೂ ಸೀಸವಿರಬಹುದು. ಅದನ್ನು ಒಡೆಯದೆ, ಮೆತ್ತಗಾಗಿಸಿ ತೆಗೆಯಬೇಕು. ಚೌಕಟ್ಟಿನ ತಳವನ್ನು ಒದ್ದೆ ಬಟ್ಟೆಯಿಂದ ಸುಲಭವಾಗಿ ಒರೆಸುವಷ್ಟು ನುಣುಪು ಮಾಡುತ್ತೇನೆ.

ಪೊರಕೆ ಮುಟ್ಟಬೇಡಿ. ಧೂಳು ಹೀರುವ ಸಾಮಾನ್ಯ ಯಂತ್ರವೂ (ವ್ಯಾಕ್ಯೂಮ್ ಕ್ಲೀನರ್) ಬೇಡ, ಎಳೆದುಕೊಂಡ ನುಣ್ಣನೆಯ ಪುಡಿಯನ್ನು ಅದು ಹಿಂದಿನಿಂದ ಊದಿಬಿಡುತ್ತದೆ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯುವ ಹೆಪಾ ಶೋಧಕವಿರುವ ಯಂತ್ರವೇ ಬೇಕು. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸದ ಉಡುಪನ್ನು ಮನೆಯ ಬಟ್ಟೆಗಳ ಜೊತೆ ಒಗೆಯಬಾರದು.

ಕದ ಮರಳಿ ಕೂರಿಸುವಾಗ ಕೀಲುಗಳನ್ನು ನೋಡಿ. ಸಡಿಲವಾದ ಕೀಲಿನಿಂದ ಕದ ಜೋತುಬಿದ್ದು ಚೌಕಟ್ಟಿಗೆ ತಿಕ್ಕುತ್ತಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ತಿರುಪು ಬಿಗಿಮಾಡಿ, ಸುತ್ತಲೂ ಸುಮಾರು 2 ಮಿಲಿಮೀಟರ್ ಸಂದು ಬಿಡಿ. ಕೆಲವು ತಿಂಗಳ ನಂತರ ತಳದಲ್ಲಿ ಮತ್ತೆ ಪುಡಿ ಕಂಡರೆ, ಕದ ಎಲ್ಲೋ ಮತ್ತೆ ತಿಕ್ಕುತ್ತಿದೆ; ಆ ಜಾಗ ಹುಡುಕಿ, ಒದ್ದೆ ಮಾಡಿಯೇ ಕೆರೆಯಿರಿ.