ಗಂಟೆಗೆ ನಾಲ್ಕು ಫೋನ್, ರಾತ್ರಿಗೆ ಇಪ್ಪತ್ತು ಸಲ ತೊಟ್ಟಿಲು

ಮಳೆ ಹಿಡಿದಾಗ ಮಡಿಕೇರಿ ಸುತ್ತಿನ ಗುಡ್ಡದಂಚಿನ ಮನೆಯವರು ಹೆದರುವುದು ಸಹಜ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದನ್ನು ಕಂಡ ಜಿಲ್ಲೆಯಿದು. ಆದರೆ ಕಾಲೇಜಿಗೆ ಹೋದ ಮಗಳಿಗೆ ತಾಯಿ ಗಂಟೆಗೆ ನಾಲ್ಕು ಸಲ ಫೋನ್ ಮಾಡಿ, ನೆಟ್‌ವರ್ಕ್ ಸಿಗದಿದ್ದರೆ ಕೈಕಾಲು ನಡುಗಿ ಒಲೆ ಹಚ್ಚಲೂ ಆಗದಿದ್ದರೆ ಅದು ಆತಂಕದ ಕಾಯಿಲೆ, ಅದಕ್ಕೆ ಚಿಕಿತ್ಸೆ ಬೇಕು.

ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಎರಡನ್ನೂ ತಿದ್ದುವ ಚಿಕಿತ್ಸೆ, ಹಿಡಿಯುವುದು ಆ ಫೋನನ್ನೇ. ಮಗಳ ದನಿ ಕೇಳಿದೊಡನೆ ಎದೆ ಹಗುರಾಗುತ್ತದೆ. ಆ ಹಗುರವೇ ಮುಂದಿನ ಕರೆ ಮಾಡಿಸುತ್ತದೆ. ಮೊದಲ ವಾರ ಬರೆದಿಡುವುದಷ್ಟೇ ಕೆಲಸ: ಏನಾಯಿತು, ಮನಸ್ಸಿಗೆ ಏನು ಬಂತು, ಭಯ 100ಕ್ಕೆ ಎಷ್ಟು, ಆಮೇಲೇನು ಮಾಡಿದೆ. ಎರಡನೇ ವಾರದಿಂದ ಪ್ರಯೋಗ. ‘ಮೂರು ಗಂಟೆ ಫೋನ್ ಮಾಡದಿದ್ದರೆ ಭಯ 90ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ’ ಎಂಬ ಊಹೆಯನ್ನು ಮೊದಲೇ ಬರೆದು, ಅರ್ಧ ಗಂಟೆಗೊಮ್ಮೆ ಅಂಕ ಹಾಕಬೇಕು. ಊಹೆ ಬರೆಯದಿದ್ದರೆ ಮನಸ್ಸು ‘ಇವತ್ತೇನೋ ಪುಣ್ಯ’ ಎಂದು ಜಾರಿಕೊಳ್ಳುತ್ತದೆ. ಭಯ ಇಳಿಯುವ ಮೊದಲೇ ಫೋನ್ ಎತ್ತಿದರೆ ಪಾಠ ಉಲ್ಟಾ ಆಗುತ್ತದೆ. ಜಿಲ್ಲಾಡಳಿತ ಎಚ್ಚರಿಕೆ ಕೊಟ್ಟ ದಿನ ಪ್ರಯೋಗ ಬೇಡ. ಹೇಳಿದಂತೆ ಜಾಗ ಬಿಡಿ.

ಹದಿಹರೆಯದಲ್ಲಿ ಇದೇ ಆತಂಕ ಪರೀಕ್ಷೆಯ ದಿನ ಹೊಟ್ಟೆನೋವಾಗಿ ಬರುತ್ತದೆ. ರಜೆ ಕೊಡಿಸಿದಷ್ಟೂ ಶಾಲೆ ದೂರವಾಗುತ್ತದೆ.

ಬಾಣಂತನದಲ್ಲಿ ಹೆಚ್ಚು ಎಚ್ಚರ ಬೇಕು. ಮಗು ಉಸಿರಾಡುತ್ತಿದೆಯೇ ಎಂದು ರಾತ್ರಿಗೆ ಇಪ್ಪತ್ತು ಸಲ ನೋಡುವವರಿಗೆ ಅದನ್ನು ಹದಿನೈದು, ಹತ್ತು, ಐದು ಎಂದು ವಾರವಾರ ಇಳಿಸುತ್ತೇವೆ. ‘ನಾನೇ ಮಗುವಿಗೆ ಏನಾದರೂ ಮಾಡಿಬಿಟ್ಟರೆ?’ ಎಂಬ ಯೋಚನೆ ಬಹಳ ಬಾಣಂತಿಯರಿಗೆ ಬರುತ್ತದೆ, ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಆ ಯೋಚನೆ ಅವರಿಗೇ ಅಸಹ್ಯ ಹುಟ್ಟಿಸುತ್ತಿದ್ದರೆ ಅದು ಆತಂಕದ್ದೇ. ಅತ್ತೆ ಒಳ್ಳೆಯ ಮನಸ್ಸಿನಿಂದಲೇ ಚಾಕು ಅಡಗಿಸಿಟ್ಟರೆ ಭಯಕ್ಕೆ ಸಾಕ್ಷಿ ಸಿಕ್ಕಂತಾಗುತ್ತದೆ. ಆದರೆ ಯಾರೋ ಆಜ್ಞೆ ಮಾಡುವಂತೆ ದನಿ ಕೇಳಿದರೆ, ಮಗು ಮಲಗಿದರೂ ನಿದ್ದೆಯೇ ಬೇಡವೆನಿಸಿದರೆ, ಇಲ್ಲದ್ದನ್ನು ನಿಜವೆಂದು ನಂಬತೊಡಗಿದರೆ, ಸಿಬಿಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು, ಬಾಣಂತಿಯನ್ನು ಒಂಟಿಯಾಗಿ ಬಿಡಬಾರದು.

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬಿಸಿಯೇರಿ, ಬೆವರಿ, ಎದೆ ಹೊಡೆದುಕೊಳ್ಳುವುದನ್ನು ಹಾರ್ಟ್ ಅಟ್ಯಾಕ್ ಎಂದುಕೊಂಡು ಕೆಲವರು ಮದುವೆಮನೆಗೂ ಹೋಗುವುದಿಲ್ಲ. ಮೊದಲು ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. ಅವು ಸರಿಯಿದ್ದರೆ ಬಿಸಿ ಬಂದಾಗ ನಿಮಿಷಕ್ಕೆ ಆರೆಂಟು ನಿಧಾನದ ಉಸಿರು ಸಾಕು. ಎದ್ದು ಹೊರಗೆ ಓಡಬೇಡಿ, ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಕಾಫಿಯ ನಾಡಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಮಧ್ಯಾಹ್ನದ ಮೇಲೆ ಕಾಫಿ ಬೇಡ. ಒಮ್ಮೆಲೇ ಬಿಟ್ಟರೆ ತಲೆನೋವು. ದಿನಕ್ಕೆ ಅರ್ಧ ಲೋಟದಂತೆ ಇಳಿಸಿ.

ಸಿಬಿಟಿಗೆ ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಭೇಟಿ, ಪ್ರತಿ ಭೇಟಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮಳೆಗಾಲದಲ್ಲಿ ಬರಲಾಗದವರು ಮಾತಿಗೆ, ಮುಂದಿನ ದಾರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.