ದೋಣಿ ಮೊದಲು ಕೆಡುವುದು ಸಂದಿಯಲ್ಲಿ

ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯ ಯಾಂತ್ರಿಕ ಬೋಟುಗಳಿಗೆ 61 ದಿನ ರಜೆ. ಬಂದರಿನ ತುಂಬ ಒತ್ತೊತ್ತಾಗಿ ನಿಂತ ಬೋಟುಗಳು. ಒಂದು ಕಡೆ ಬಣ್ಣ, ಇನ್ನೊಂದು ಕಡೆ ಬಲೆ ಹೆಣೆಯುವ ಕೆಲಸ. ಹಳೇ ಹಾಯಿದೋಣಿ ಕೊಂಡವರಿಗೂ ಇದೇ ಸರಿಯಾದ ಕಾಲ. ಆ ಕಡಲಿಗೆ ಸಣ್ಣ ದೋಣಿ ಇಳಿಸುವ ಮಾತೇ ಇಲ್ಲ. ಶೆಡ್ಡಿನಡಿ ಕೂತು ಒಂದೊಂದೇ ಭಾಗ ಬಿಚ್ಚಿ ನೋಡಬಹುದು.

ಉಡುಪಿಯ ಗೆಳೆಯರೊಬ್ಬರು ಹೀಗೇ ಒಂದು ಎಂಟರ್‌ಪ್ರೈಸ್ ದೋಣಿ ತಂದರು. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ 1956ರಲ್ಲಿ ರೂಪಿಸಿದ ಮಾದರಿ ಇದು. ಉದ್ದ ನಾಲ್ಕು ಮೀಟರ್ ಚಿಲ್ಲರೆ. ಹಿಂದೆ ಮುಂದೆ ಎರಡು ಹಾಯಿ, ಸೇರಿ ಹತ್ತು ಚದರ ಮೀಟರಿನಷ್ಟು. ಇಬ್ಬರು ಕೂರಬಹುದು. "ಬಾಡಿ ಗಟ್ಟಿ ಉಂಟು ಮಾರಾಯ್ರೆ, ಒಂದು ಕೋಟ್ ಪೇಂಟ್ ಹೊಡೆದರೆ ಹೊಸತೇ" ಎಂದರು. ಬಾಡಿ ಗಟ್ಟಿ ಇತ್ತು ನಿಜ. ಆದರೆ ಹಳೇ ದೋಣಿಯಲ್ಲಿ ಪೇಂಟು ಕೊನೆಯ ಕೆಲಸ. ಮೊದಲು ನೋಡಬೇಕಾದದ್ದು ಎರಡು ವಸ್ತುಗಳು ಸೇರುವ ಜಾಗಗಳನ್ನು. ಸ್ಕ್ರೂ ಒಳಹೋದ ತೂತು, ರಿವೆಟ್ಟಿನ ಅಡಿ, ಹಾಯಿಕಂಬ ಹಿಡಿದ ತಂತಿಯ ತುದಿಯ ಕೊಳವೆ, ಆ ಕಂಬದ ಬುಡ. ಉಪ್ಪುನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ.

ಉಪ್ಪಿನ ಗುಣವೇ ಹಾಗೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದು ಗಾಳಿಯ ತೇವವನ್ನು ಹೀರಿ ತಾನೇ ನೀರಾಗುತ್ತದೆ. ಆಟಿ ತಿಂಗಳಲ್ಲಿ ಅಡುಗೆಮನೆಯ ಕಲ್ಲುಪ್ಪು ಒದ್ದೆಯಾಗುವುದಕ್ಕೂ ಇದೇ ಮುಖ್ಯ ಕಾರಣ. ಅಂದರೆ ಸಂದಿಯೊಳಗೆ ಒಮ್ಮೆ ಉಪ್ಪು ಕೂತರೆ, ದೋಣಿ ಶೆಡ್ಡಿನಲ್ಲಿದ್ದರೂ ಆ ಜಾಗ ನಮ್ಮ ಕರಾವಳಿಯಲ್ಲಿ ಒಣಗುವುದೇ ಇಲ್ಲ. ಬಾವಿ ನೀರು ಹೊಯ್ದು ತೊಳೆಯುವುದು ಅಗ್ಗದ ಕೆಲಸ, ಆದರೆ ಅದಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಅದರೊಳಗಿನ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪದರ ಕಟ್ಟುತ್ತದೆ. ಗೀರು ಬಿದ್ದರೆ ಪದರ ಮತ್ತೆ ಕಟ್ಟಿಕೊಳ್ಳುತ್ತದೆ, ಆಮ್ಲಜನಕ ಸಿಕ್ಕರೆ. ಸಂದಿಯೊಳಗೆ ನಿಂತ ನೀರಿನಲ್ಲಿ ಅದು ಮುಗಿದುಹೋಗುತ್ತದೆ. ಕ್ಲೋರೈಡ್ ಮಾತ್ರ ಸೇರುತ್ತಾ ಹೋಗುತ್ತದೆ, ನೀರು ಆಮ್ಲೀಯವಾಗುತ್ತದೆ, ಸ್ಟೀಲು ಒಳಗಿನಿಂದ ತೂತು ಬೀಳುತ್ತದೆ. ಹೊರಗೆ ಕಾಣುವುದು ಒಂದು ಕಂದು ಗೆರೆ ಅಷ್ಟೇ. ಆ ಗೆರೆಯನ್ನು ಪಾಲಿಶ್ ಹಾಕಿ ಒರೆಸಿ ಸುಮ್ಮನಾಗುವವರೇ ಜಾಸ್ತಿ.

ಹೊಸ ಬೋಲ್ಟು ಕೊಳ್ಳುವಾಗ 316 ದರ್ಜೆಯದ್ದನ್ನೇ ಕೇಳಿ. ಅದರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುತ್ತದೆ, ಕ್ಲೋರೈಡಿಗೆ ಒಂದಿಷ್ಟು ತಡೆ ಕೊಡುವುದು ಅದೇ. ಪಾತ್ರೆಗಳಲ್ಲಿ ಸಾಮಾನ್ಯವಾಗಿರುವ 304ರಲ್ಲಿ ಇದಿಲ್ಲ. ಕೆಲವು ಅಂಗಡಿಗಳಲ್ಲಿ ಅಯಸ್ಕಾಂತ ಹಿಡಿದು "ನೋಡಿ, ಅಂಟುವುದಿಲ್ಲ" ಎಂದು ತೋರಿಸುತ್ತಾರೆ. ಸರಿ, ಆದರೆ 304 ಕೂಡ ಅಂಟುವುದಿಲ್ಲವಲ್ಲ!

ಕಂಬ ಅಲ್ಯೂಮಿನಿಯಂನದ್ದು, ಅದಕ್ಕೆ ಕೂರಿಸಿದ ಸಾಮಾನು ಸ್ಟೀಲಿನದ್ದು. ಉಪ್ಪುನೀರು ನಡುವೆ ಬಂದರೆ ಎರಡು ಲೋಹ ಸೇರಿ ಸಣ್ಣ ಬ್ಯಾಟರಿ ಆಗುತ್ತದೆ, ಸವೆಯುವುದು ಯಾವಾಗಲೂ ಅಲ್ಯೂಮಿನಿಯಂ. ನಮ್ಮ ಗೆಳೆಯರ ದೋಣಿಯ ಕಂಬದಲ್ಲಿ ಒಂದು ಪಟ್ಟಿಯ ಸುತ್ತ ಬಿಳಿ ಪುಡಿ ಇತ್ತು. ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು. ರಿವೆಟ್ ಕೊರೆದು ತೆಗೆದಾಗ ತೂತು ಉರುಟಾಗಿ ಉಳಿದಿರಲಿಲ್ಲ, ಮೊಟ್ಟೆಯಾಕಾರಕ್ಕೆ ಹಿಗ್ಗಿತ್ತು. ಪಟ್ಟಿಯನ್ನು ಸ್ವಲ್ಪ ಮೇಲೆ, ಗಟ್ಟಿ ಲೋಹ ಇರುವಲ್ಲಿಗೆ ಸರಿಸಿ, ನಡುವೆ ತೆಳು ನೈಲಾನ್ ಹಾಳೆ ಇಟ್ಟು ಕೂರಿಸಿದರು. ಲೋಹಕ್ಕೆ ಲೋಹ ತಾಗದಿದ್ದರೆ ಬ್ಯಾಟರಿಯೂ ಇಲ್ಲ.

ಫೈಬರ್ ಮೈಯನ್ನು ಪರೀಕ್ಷಿಸಲು ಒಂದು ನಾಣ್ಯ ಸಾಕು. ತಟ್ಟುತ್ತಾ ಹೋಗಿ. ಟಣ್ ಎಂದರೆ ಸರಿ, ಡಬ್ ಎಂದರೆ ಪದರ ಬಿಟ್ಟಿದೆ. ತೇಲಿಸುವ ಗಾಳಿಪೆಟ್ಟಿಗೆಗಳ ಅಂಚಿಗೆ ಸಾಬೂನು ನೀರು ಹಚ್ಚಿ, ಕೊಳವೆಯಿಂದ ಪೆಟ್ಟಿಗೆಯೊಳಕ್ಕೆ ಬಾಯಲ್ಲೇ ಮೆಲ್ಲಗೆ ಊದಿ. ಗುಳ್ಳೆ ಎದ್ದಲ್ಲಿ ಸೋರುತ್ತದೆ.

ಇನ್ನು ಕಂಬವನ್ನು ಎರಡೂ ಬದಿಯಿಂದ ಹಿಡಿದಿರುವ ಬಿಗಿತಂತಿಗಳು. ಸಣ್ಣ ದೋಣಿಗೆ ಇಷ್ಟೊಂದು ಗಟ್ಟಿ ತಂತಿ ಯಾಕೆ ಅಂತ ಅನಿಸುತ್ತದೆ ಅಲ್ವಾ? ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಬಲ ನಾಲ್ಕು ಪಟ್ಟಾಗುತ್ತದೆ. ಹತ್ತು ಚದರ ಮೀಟರ್ ಹಾಯಿಗೆ 10 ನಾಟ್ (ಗಂಟೆಗೆ ಸುಮಾರು 18 ಕಿ.ಮೀ.) ಗಾಳಿಯಲ್ಲಿ ಸುಮಾರು 16 ಕಿಲೋ ತೂಕದಷ್ಟು ಬಲ, 20 ನಾಟ್‌ನಲ್ಲಿ 64 ಕಿಲೋ. ಅದರಲ್ಲಿ 40 ಕಿಲೋ ತಂತಿ ಕಟ್ಟಿದ ಜಾಗಕ್ಕೆ ಅಡ್ಡವಾಗಿ ಬಂತು ಎಂದುಕೊಳ್ಳಿ. ದೋಣಿ ಕಿರಿದು, ಕಂಬ ಎತ್ತರ. ಹಾಗಾಗಿ ತಂತಿಗೂ ಕಂಬಕ್ಕೂ ನಡುವಿನ ಕೋನ ಬಹಳ ಚಿಕ್ಕದು. ಅದು 10 ಡಿಗ್ರಿ ಇದ್ದರೆ, 40 ಕಿಲೋ ಅಡ್ಡಬಲವನ್ನು ತಡೆಯಲು ತಂತಿ ಸುಮಾರು 230 ಕಿಲೋ ಎಳೆಯಬೇಕು. ಹೆಚ್ಚುಕಡಿಮೆ ಅಷ್ಟೇ ಬಲ ಕಂಬವನ್ನು ಕೆಳಕ್ಕೆ, ದೋಣಿಯ ತಳದ ಕಡೆಗೆ ಒತ್ತುತ್ತದೆ. ಕಂಬ ಕೂತ ಜಾಗ ಕೊಳೆತಿದ್ದರೆ ದೋಣಿ ಅಲ್ಲಿಂದಲೇ ಬಿರಿಯುತ್ತದೆ.

ಹತ್ತೊಂಬತ್ತು ಎಳೆಗಳ 3 ಮಿ.ಮೀ. ತಂತಿ ಹೊಸದರಲ್ಲಿ ಸುಮಾರು 700 ಕಿಲೋವರೆಗೆ ತಡೆಯುತ್ತದೆ. ಹಳೆಯದರ ಕಥೆ ಬೇರೆ. ಒಂದು ತುಂಡು ಹತ್ತಿಯನ್ನು ತಂತಿಯುದ್ದಕ್ಕೂ ಸವರಿಕೊಂಡು ಹೋಗಿ. ಎಲ್ಲಾದರೂ ಎಳೆ ತುಂಡಾಗಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಿದರೆ ಕೈಯೇ ಸಿಕ್ಕಿಕೊಳ್ಳುತ್ತದೆ. ಒಂದೇ ಎಳೆ ಹೋಗಿದ್ದರೂ ಆ ತಂತಿ ಬೇಡ. ಜೋಡಿಯಲ್ಲಿ ಎರಡನ್ನೂ ಬದಲಿಸುವುದು ಒಳ್ಳೆಯದು, ಯಾಕೆಂದರೆ ಎರಡಕ್ಕೂ ವಯಸ್ಸು ಒಂದೇ.

ಹಾಯಿಯ ಬಟ್ಟೆ ಪಾಲಿಯೆಸ್ಟರ್. ಅದಕ್ಕೆ ಉಪ್ಪಿಗಿಂತ ಬಿಸಿಲು ದೊಡ್ಡ ಶತ್ರು. ಹೊಲಿಗೆಯ ದಾರ ಬಟ್ಟೆಗಿಂತ ಮೊದಲೇ ಸಾಯುತ್ತದೆ. ಹೆಬ್ಬೆರಳಿನಿಂದ ಕೆದಕಿದಾಗ ದಾರ ಕಿತ್ತು ಬಂದರೆ ಮರುಹೊಲಿಗೆ ಹಾಕಿಸಿ. ಹಾಯಿ ಏರಿಸುವ ಹಗ್ಗವೂ ಪಾಲಿಯೆಸ್ಟರೇ ಇರಲಿ. ನೈಲಾನ್ ಹಿಗ್ಗುತ್ತದೆ, ಅದು ಲಂಗರಿಗೆ ಸರಿ.

ಕಂಬ ಎತ್ತಿ ನಿಲ್ಲಿಸುವ ಮೊದಲು ತಲೆಯೆತ್ತಿ ನೋಡಿ. ನಮ್ಮ ಊರುಗಳಲ್ಲಿ ಕಡಲ ದಾರಿಯುದ್ದಕ್ಕೂ ತೆಂಗಿನ ಮರಗಳ ನಡುವೆ ಕರೆಂಟು ತಂತಿ ಹಾದುಹೋಗಿರುತ್ತದೆ. ಅಲ್ಯೂಮಿನಿಯಂ ಕಂಬ ಅದಕ್ಕೆ ತಾಗಿದರೆ ಮುಗಿಯಿತು. ಹಾಯಿದೋಣಿಯ ಕೆಲಸದಲ್ಲಿ ನಿಜವಾಗಿ ಜೀವ ಹೋಗುವಂಥ ಜಾಗಗಳಲ್ಲಿ ಇದೊಂದು, ಅದೂ ದಡದ ಮೇಲೆ.

ಮೊದಲ ಸಲ ಇಳಿಸಲು ಕೋಡಿಬೆಂಗ್ರೆಯ ಹಿನ್ನೀರು ಚೆನ್ನಾಗಿದೆ, ಸ್ವರ್ಣಾ ಮತ್ತು ಸೀತಾ ನದಿಗಳು ಸೇರುವಲ್ಲಿ. ಮಳೆಗಾಲ ಪೂರ್ತಿ ಮುಗಿಯಲಿ. ಇಳಿತದ ಹೊತ್ತಿನಲ್ಲಿ ಮಾತ್ರ ಬೇಡ, ಅಳಿವೆ ಕಡೆಗೆ ಸೆಳೆತ ಇರುತ್ತದೆ. ಮಧ್ಯಾಹ್ನದ ಮೇಲೆ ನೆಲ ಕಾದು ಕಡಲಗಾಳಿ ಪಶ್ಚಿಮದಿಂದ ಬೀಸಲು ಶುರುವಾದಾಗ ಹಾಯಿ ಬಿಚ್ಚಿ. ಲೈಫ್ ಜಾಕೆಟ್ ಹಾಕಿಕೊಂಡೇ ಹತ್ತಿ.

ಗಾಳಿಗೆ ಎದುರಾಗಿ ಸ್ವಲ್ಪ ಓರೆಯಲ್ಲಿ ಹೋಗುವಾಗ ಚುಕ್ಕಾಣಿಯ ಹಿಡಿಯನ್ನು ಒಂದು ಗಳಿಗೆ ಸಡಿಲ ಬಿಡಿ. ದೋಣಿ ನಿಧಾನವಾಗಿ ಗಾಳಿಯ ಕಡೆಗೆ ಮುಖ ತಿರುಗಿಸಿ ನಿಂತರೆ ಕಂಬ ಸರಿಯಾಗಿ ಕೂತಿದೆ. ಕೈತಪ್ಪಿದರೂ ದೋಣಿ ಮಗುಚುವ ಬದಲು ತಾನೇ ನಿಲ್ಲುತ್ತದೆ. ರಪ್ಪನೆ ತಿರುಗಿದರೆ, ಹಿಡಿಯನ್ನು ಸದಾ ಬಲವಾಗಿ ಎಳೆದಿರಬೇಕಾದರೆ, ಹಾಯಿಯ ಬಲ ಬೀಳುವ ಬಿಂದು ನೀರಿನ ತಡೆ ಬೀಳುವ ಬಿಂದುವಿಗಿಂತ ತೀರಾ ಹಿಂದಿದೆ ಎಂದರ್ಥ. ಕಂಬ ಹಿಂದಕ್ಕೆ ಜಾಸ್ತಿ ವಾಲಿರುತ್ತದೆ. ತಂತಿ ಮುಟ್ಟುವ ಮೊದಲು, ದೋಣಿಯ ತಳದಿಂದ ನೀರಿಗಿಳಿದಿರುವ ಹಲಗೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ನೋಡಿ. ಅದು ಹಿಂದಕ್ಕೆ ಮಡಚುವಂಥದ್ದು, ಎತ್ತಿದಷ್ಟೂ ನೀರಿನ ತಡೆ ಹಿಂದೆ ಸರಿಯುತ್ತದೆ. ಅಷ್ಟರಿಂದಲೂ ಎಳೆತ ಕಡಿಮೆಯಾಗದಿದ್ದರೆ ದಡಕ್ಕೆ ಬಂದು, ಕಂಬ ಮುಂದಕ್ಕೆ ಬರುವಂತೆ ಅದರ ಮುಂದಿನ ತಂತಿಯನ್ನು ಒಂದು ತೂತಿನಷ್ಟು ಗಿಡ್ಡ ಮಾಡಿ ಮತ್ತೆ ಇಳಿಸಿ.