ನೀರುಗಂಟಿ ಹೋದ ಮೇಲೆ ಕೆರೆ ಕಾಯುವವರು ಯಾರು?

ಬೆಂಗಳೂರಿನ ಯಾವುದಾದರೂ ಕೆರೆ ಏರಿ ಮೇಲೆ ಭಾನುವಾರ ಬೆಳಿಗ್ಗೆ ನಿಂತು ನೋಡಿ. ನಾಲ್ಕೈದು ಜನ ಗ್ಲೌಸ್ ಹಾಕಿಕೊಂಡು ದಡದಿಂದ ಗುಟ್ಕಾ ಪ್ಯಾಕೆಟ್, ಹಾಲಿನ ಕವರ್, ದೇವರ ಫೋಟೊ ಎತ್ತುತ್ತಿರುತ್ತಾರೆ. ದೇವರ ಫೋಟೊ ಜಾಸ್ತಿಯೇ ಸಿಗುತ್ತದೆ. ಒಡೆದ ಫೋಟೊವನ್ನು ಕಸದ ಡಬ್ಬಿಗೆ ಹಾಕಲು ಯಾರಿಗೂ ಮನಸ್ಸು ಬರಲ್ಲ. ಕೆರೆ ದಡದಲ್ಲಿ ಇಟ್ಟು, ಕೈಮುಗಿದು ಹೊರಟುಬಿಡುತ್ತಾರೆ. ಅದನ್ನು ಎತ್ತುವವರು ಅಕ್ಕಪಕ್ಕದ ನಿವಾಸಿಗಳು. ಸಂಬಳ ಇಲ್ಲ, ಅಧಿಕಾರವಂತೂ ಮೊದಲೇ ಇಲ್ಲ.

ಈ ಕೆಲಸಕ್ಕೆ ಹಿಂದೆ ಒಬ್ಬ ಆಳು ಇದ್ದ. ನೀರುಗಂಟಿ ಅಂತ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ನೀರು ಅಂತ ನೋಡುವುದು, ಏರಿ ಬಿರುಕು ಬಿಟ್ಟರೆ ಊರಿಗೆ ಹೇಳುವುದು ಅವನ ಪಾಲಿನ ಕೆಲಸ. ಕೂಲಿ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಬರುತ್ತಿತ್ತು. ವರ್ಷವಿಡೀ ಹರಿಯುವ ನದಿ ಇಲ್ಲದ ಊರು ನಮ್ಮದು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು. ಹಾಗಾಗಿ ಒಂದೂರಿನವರು ಉದಾಸೀನ ಮಾಡಿದರೆ ಮುಂದಿನ ಊರಿಗೆ ಕುತ್ತು.

1890ರ ದಶಕದಲ್ಲಿ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂತು. ಆಮೇಲೆ ತಿಪ್ಪಗೊಂಡನಹಳ್ಳಿ, 1970ರ ದಶಕದಲ್ಲಿ ಕಾವೇರಿ. ಮನೆಯ ನಲ್ಲಿಯಲ್ಲೇ ನೀರು ಬರುವಾಗ ಕೆರೆ ಯಾರಿಗೆ ಬೇಕು? ಗದ್ದೆಗಳು ಸೈಟುಗಳಾದವು, ನೀರುಗಂಟಿಗೆ ಕೆಲಸ ಹೋಯಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು.

ಉಳಿದದ್ದನ್ನಾದರೂ ಉಳಿಸಿಕೊಳ್ಳೋಣ ಅಂತ ಸರ್ಕಾರಕ್ಕೆ ಅನಿಸಿದ್ದು 1980ರ ದಶಕದಲ್ಲಿ. ಎನ್. ಲಕ್ಷ್ಮಣರಾವ್ ಸಮಿತಿ ಕೆರೆಗಳ ಪಟ್ಟಿ ಮಾಡಿ, ಇವನ್ನು ಮುಚ್ಚಬೇಡಿ ಅಂತ ಹೇಳಿತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂತು. ಅದು ಮಾಡಿದ ಒಂದು ಕೆಲಸ ಇವತ್ತಿಗೂ ಚರ್ಚೆಯಲ್ಲಿದೆ: ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆಗೆ ಕೊಟ್ಟಿದ್ದು. ಕೆರೆಗೆ ಟಿಕೆಟ್ಟು! 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ ಇದರ ವಿರುದ್ಧ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಕೆರೆ ಸಾರ್ವಜನಿಕರ ಆಸ್ತಿ ಅನ್ನುವ ಮಾತಿಗೆ ಕೋರ್ಟಿನ ಬಲ ಸಿಕ್ಕಿತು.

ಹೆಚ್ಚುಕಮ್ಮಿ ಅದೇ ಹೊತ್ತಿಗೆ ಜೆ.ಪಿ. ನಗರ ಏಳನೇ ಹಂತದಲ್ಲಿ ಇನ್ನೊಂದು ಕತೆ ಶುರುವಾಗಿತ್ತು. ಅಲ್ಲಿನ ಪುಟ್ಟೇನಹಳ್ಳಿ ಕೆರೆ ಹದಿಮೂರೂವರೆ ಎಕರೆಯ ಚಿಕ್ಕ ಕೆರೆ, ಬತ್ತಿ ಕಸದ ಗುಂಡಿಯಾಗುವ ಹಂತದಲ್ಲಿತ್ತು. ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿದರು. ಮರುವರ್ಷ ಬಿಬಿಎಂಪಿ ಜೊತೆ ಒಪ್ಪಂದ ಮಾಡಿಕೊಂಡು ಕೆರೆಯ ನಿರ್ವಹಣೆ ವಹಿಸಿಕೊಂಡರು. ಗಿಡ ನೆಡುವುದು, ಜೊಂಡು ಕೀಳುವುದು ಸುಲಭದ ಪಾಲು. ಕೆರೆಗೆ ನೀರೆಲ್ಲಿಂದ ತರುವುದು? ಮಳೆನೀರು ಬರುವ ದಾರಿಗಳನ್ನೆಲ್ಲ ಕಟ್ಟಡಗಳು ನುಂಗಿದ್ದವು. ಕೊನೆಗೆ ಪಕ್ಕದ ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ಕೊಳಚೆ ನೀರನ್ನೇ ಕೆರೆಗೆ ಬಿಡುವ ಏರ್ಪಾಡಾಯಿತು. ನಗುವ ವಿಷಯ ಅಲ್ಲ. ಇವತ್ತಿನ ಬೆಂಗಳೂರಿನಲ್ಲಿ ವರ್ಷವಿಡೀ ತಪ್ಪದೇ ಸಿಗುವ ನೀರು ಅದೊಂದೇ.

ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಇದಕ್ಕಿಂತ ದೊಡ್ಡದು, 48 ಎಕರೆ. ಅಲ್ಲಿ ಹೊಸ ಅಪಾರ್ಟ್‌ಮೆಂಟಿನವರು, ಹಳೇ ಊರಿನವರು, ಪರಿಸರ ಗೊತ್ತಿದ್ದವರು ಒಟ್ಟಿಗೆ ಕೂತು ಪಾಲಿಕೆ ಜೊತೆ ಯೋಜನೆ ಮಾಡಿದರು. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳು, ದನಕ್ಕೆ ಹುಲ್ಲು ಕೊಯ್ಯುವವರು, ಗಣೇಶನನ್ನು ಬಿಡುವವರು, ಎಲ್ಲರ ಲೆಕ್ಕವೂ ಯೋಜನೆಯಲ್ಲಿತ್ತು. ಎಲ್ಲ ಕಡೆ ಹೀಗಾಗಲಿಲ್ಲ.

ಸ್ವಯಂಸೇವಕರು ಅಂದರೆ ಪೊರಕೆ ಹಿಡಿದವರು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಅವರ ಅರ್ಧ ಆಯುಷ್ಯ ಫೋನಿನಲ್ಲೇ ಕಳೆಯುತ್ತದೆ. ಕೆರೆಗೆ ಕೊಳಚೆ ಬಂತು ಅನ್ನಿ. ಒಳಚರಂಡಿ ಪೈಪು ಜಲಮಂಡಳಿಯದ್ದು. ರಾಜಕಾಲುವೆ ಪಾಲಿಕೆಯದ್ದು. ಒತ್ತುವರಿ ಸರ್ವೆ ಮಾಡಬೇಕಾದವರು ಕಂದಾಯ ಇಲಾಖೆಯವರು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಹದಿನೈದು ದಿನ ಬೆನ್ನುಬಿದ್ದು ಮೂವರನ್ನೂ ಒಂದೇ ಮ್ಯಾನ್‌ಹೋಲಿನ ಪಕ್ಕ ನಿಲ್ಲಿಸುವವರು ಈ ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ಗೃಹಿಣಿಯರು. ನನ್ನ ಪ್ರಕಾರ ಸಂಘಗಳ ದೊಡ್ಡ ಕೊಡುಗೆ ಇದೇ, ನೆಟ್ಟ ಗಿಡಗಳಲ್ಲ.

2020ರಲ್ಲಿ ವಿಚಿತ್ರ ಆಯಿತು. ಕೆರೆಗಳ ವಿಷಯದಲ್ಲಿ ಖಾಸಗಿಯವರ ಜೊತೆ ಪಾಲಿಕೆ ಒಪ್ಪಂದ ಮಾಡಿಕೊಳ್ಳುವುದಕ್ಕೆ ಹೈಕೋರ್ಟ್ ತಡೆ ಹಾಕಿತು. ಕಂಪನಿಗಳಿಗೆ ಅಂತ ಬೀಸಿದ ಬಲೆಗೆ ನಿವಾಸಿಗಳ ಪುಟ್ಟ ಟ್ರಸ್ಟುಗಳೂ ಬಿದ್ದವು. ಹತ್ತು ವರ್ಷ ಕೆರೆ ನೋಡಿಕೊಂಡವರ ಒಪ್ಪಂದದ ನವೀಕರಣ ನಿಂತಿತು. ಕೋರ್ಟಿನ ಆತಂಕ ಸುಳ್ಳಲ್ಲ: ಇವತ್ತು ಟ್ರಸ್ಟಿಗೆ ಕೊಟ್ಟಿದ್ದು ನಾಳೆ ಕಂಪನಿಗೂ ಹೋಗಬಹುದು. ಆದರೆ ಕೆರೆ ಪಕ್ಕ ಬದುಕುವವರನ್ನೂ ಗುತ್ತಿಗೆದಾರರನ್ನೂ ಒಂದೇ ತಕ್ಕಡಿಗೆ ಹಾಕಿದರೆ ಹೇಗೆ?

ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಕಾರ್ಪೊರೇಟರುಗಳ ಅವಧಿ ಮುಗಿಯಿತು. ಚುನಾವಣೆ ನಡೆಯಲೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು. ಈ ನಡುವಿನ ಐದು ವರ್ಷ ಬೀದಿದೀಪದಿಂದ ಹಿಡಿದು ಕೆರೆಯವರೆಗೆ ಜನ ದೂರು ಹೇಳಿಕೊಂಡಿದ್ದು ನಿವಾಸಿ ಸಂಘಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಕಾರ್ಪೊರೇಟರ್ ಮಾಡಬೇಕಾದ ಕೆಲಸ ಅವರ ಹೆಗಲಿಗೆ ಬಿತ್ತು. ಕಾರ್ಪೊರೇಟರನ್ನಾದರೆ ಮುಂದಿನ ಸಲ ಸೋಲಿಸಬಹುದು. ಸಂಘದ ಕಾರ್ಯದರ್ಶಿಯನ್ನು?

ನೀರುಗಂಟಿ ಇಡೀ ಊರಿಗೆ ಉತ್ತರ ಹೇಳಬೇಕಿತ್ತು. ಈಗಿನ ಸಂಘಗಳಿಗೆ ಸಮಯ, ಕಂಪ್ಯೂಟರ್, ಆಫೀಸರ ನಂಬರ್ ಎಲ್ಲ ಇರುವುದರಿಂದ ಅವರ ಮಾತು ಮೇಲೆ ಮುಟ್ಟುತ್ತದೆ. ಕೆರೆಯಂಚಿನ ಗುಡಿಸಲಿನವರೂ ನಿವಾಸಿಗಳೇ. ಸಂಘದ ಸಭೆಗೆ ಅವರನ್ನು ಕರೆಯುವುದು ಅಪರೂಪ.

ನಮ್ಮ ಮನೆ ಹತ್ತಿರದ ಕೆರೆಗೂ ಈಗ ಬೇಲಿ, ಗೇಟು, ವಾಚ್‌ಮನ್ ಬಂದಿದ್ದಾರೆ. ನೀರು ತಿಳಿಯಾಗಿದೆ, ಕೊಕ್ಕರೆ ಬರುತ್ತವೆ, ಖುಷಿಯೇ. ಗೇಟಿನ ಬೋರ್ಡಿನಲ್ಲಿ ಸಮಯ ಬರೆದು, ಕೆಳಗೆ ದನಕರುಗಳಿಗೆ ಪ್ರವೇಶ ಇಲ್ಲ ಅಂತ ಹಾಕಿದ್ದಾರೆ. ಮೊನ್ನೆ ಒಬ್ಬ ಹೆಂಗಸು ಕುಡುಗೋಲು, ಖಾಲಿ ಗೋಣಿಚೀಲ ಹಿಡಿದು ಗೇಟಿನ ಹೊರಗೆ ನಿಂತಿದ್ದರು. ವಾಚ್‌ಮನ್ ಆಚೀಚೆ ನೋಡಿ ಮೆಲ್ಲಗೆ ಹೇಳಿದ: "ಅಕ್ಕಾ, ನಾಳೆ ಐದಕ್ಕೇ ಬಂದ್ಬಿಡು. ವಾಕಿಂಗ್‌ನೋರು ಬರೋ ಮುಂಚೆ."